ಮಂಡಿಯ ಸುದ್ದಿ ಒಯ್ಯುವ ನರ: ಡಿಶ್‌ನಲ್ಲಿ ಬೆಳೆಸುವುದು ಹೇಗೆ, ಯಾಕೆ

(ಬಳ್ಳಾರಿಯಲ್ಲಿ ವೈದ್ಯರು, ಲ್ಯಾಬ್ ಸಿಬ್ಬಂದಿ ಮತ್ತು ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮುತ್ತದೆ. ಇಲ್ಲಿ ಕೂತಿರುವ ವೈದ್ಯರಿಗೆ ಇದು ಓಪಿಡಿಯ ನಿತ್ಯದ ಕೆಲಸ. 1875ರಲ್ಲಿ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದರು. ಇವತ್ತಿನ ಮಾತನ್ನು ಆ ತಟ್ಟಿನಿಂದಲೇ ಶುರು ಮಾಡುತ್ತೇನೆ. ಲ್ಯಾಬಿನಲ್ಲಿ ನಾವು ಕಟ್ಟಲು ಹೊರಟಿರುವುದು ಅದರ ಹಿಂದಿರುವ ನರ-ಸ್ನಾಯುಗಳ ಸುತ್ತನ್ನೇ.

ತಟ್ಟಿದಾಗ ತೊಡೆಯ ಮುಂಭಾಗದ ಸ್ನಾಯು ಒಂದಿಷ್ಟೇ ಎಳೆತಕ್ಕೆ ಸಿಗುತ್ತದೆ. ಆ ಸ್ನಾಯುವಿನ ನಡುವೆ ಕದಿರಿನ ಆಕಾರದ ಪುಟ್ಟ ಅಂಗಗಳಿವೆ, ಇವೇ ಸ್ನಾಯು ಕದಿರುಗಳು. ಹತ್ತಿ ನೂಲುವ ಕದಿರಿಗೆ ನೂಲು ಸುತ್ತಿಕೊಳ್ಳುವಂತೆಯೇ ಈ ಕದಿರಿನ ನಡುಭಾಗಕ್ಕೆ ಒಂದು ನರದ ತುದಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಕದಿರು ಎಳೆದರೆ ಸುರುಳಿ ಬಿಚ್ಚಿಕೊಂಡಂತಾಗಿ ನರದಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸೆಕೆಂಡಿಗೆ 70ರಿಂದ 120 ಮೀಟರ್ ವೇಗದಲ್ಲಿ ಅದು ಬೆನ್ನುಹುರಿಗೆ ಓಡಿ, ಅಲ್ಲಿ ಚಾಲಕ ನರಕೋಶವನ್ನು ನೇರವಾಗಿ ಮುಟ್ಟುತ್ತದೆ. ಚಾಲಕ ನರಕೋಶ ಅದೇ ಸ್ನಾಯುವಿಗೆ ‘ಬಿಗಿ’ ಎನ್ನುತ್ತದೆ. ಎರಡು ನರಕೋಶ, ಅವುಗಳ ನಡುವೆ ಒಂದೇ ಒಂದು ಕೊಂಡಿ. ಮಿದುಳನ್ನು ಕೇಳುವ ಪ್ರಶ್ನೆಯೇ ಇಲ್ಲ. ಇಡೀ ವ್ಯವಹಾರ ಸುಮಾರು 20ರಿಂದ 30 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ಈಗ ಎರಡು ರೋಗಗಳನ್ನು ಪಕ್ಕಪಕ್ಕದಲ್ಲಿ ಇಡೋಣ. ಒಂದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಎಸ್‌ಎಂಎ. ಎಸ್‌ಎಂಎನ್1 ಜೀನ್ ಕಾಣೆಯಾಗಿ ಮಗುವಿನ ಚಾಲಕ ನರಕೋಶಗಳು ಸಾಯುತ್ತವೆ, ಸ್ನಾಯು ಸೊರಗುತ್ತದೆ. ಈ ಜೀನ್ ಪತ್ತೆಯಾದದ್ದು 1995ರಲ್ಲಿ. ಇನ್ನೊಂದು ನಡಿಗೆಯ ಹಿಡಿತ ತಪ್ಪಿಸುವ ಫ್ರೀಡ್ರೈಶ್ ಅಟಾಕ್ಸಿಯಾ. ಇಲ್ಲಿ ಎಫ್‌ಎಕ್ಸ್‌ಎನ್ ಜೀನಿನೊಳಗೆ ಜಿಎಎ ಎಂಬ ಮೂರಕ್ಷರ ಬೇಕಾಬಿಟ್ಟಿ ಪುನರಾವರ್ತನೆಯಾಗಿರುತ್ತದೆ. ಫ್ರಟಾಕ್ಸಿನ್ ಪ್ರೋಟೀನು ಕಡಿಮೆಯಾಗಿ ಮೈಟೊಕಾಂಡ್ರಿಯಾ ಕೆಡುತ್ತದೆ. ಮೊದಲ ರೋಗವನ್ನು ಪುಸ್ತಕಗಳು ಚಾಲಕ ನರದ ರೋಗ ಎನ್ನುತ್ತವೆ, ಎರಡನೆಯದನ್ನು ಸಂವೇದನಾ ನರದ ರೋಗ ಎನ್ನುತ್ತವೆ. ಆದರೆ ಎರಡರಲ್ಲೂ ಮಂಡಿ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಸುತ್ತಿನ ಯಾವ ಕಡೆ ಕಡಿದರೂ ಫಲ ಒಂದೇ. ಹಾಗಿದ್ದ ಮೇಲೆ, ಎಸ್‌ಎಂಎಯಲ್ಲಿ ಕಡಿದಿರುವುದು ಒಂದೇ ಕಡೆ ಎಂದು ನಮಗೆ ಹೇಗೆ ಗೊತ್ತು?

ಈ ಪ್ರಶ್ನೆಗೆ ಕಾಲುವೆಯ ಹೋಲಿಕೆ ಸರಿಹೊಂದುತ್ತದೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದ ಹೊಲಕ್ಕೆ ನೀರು ಬರಲಿಲ್ಲ ಎಂದರೆ ಮೇಲಿನ ಗೇಟು ಕೆಟ್ಟಿರಬಹುದು. ಅಥವಾ ಗೇಜ್ ನೋಡಿ ‘ಇಲ್ಲಿ ಮಟ್ಟ ಇಳಿದಿದೆ’ ಎಂದು ಸುದ್ದಿ ಮುಟ್ಟಿಸಬೇಕಾದ ಗ್ಯಾಂಗ್‌ಮನ್‌ನ ಮಾತೇ ಮೇಲಕ್ಕೆ ಹೋಗಿರಲಿಕ್ಕಿಲ್ಲ. ಗೇಟನ್ನಷ್ಟೇ ಬಿಚ್ಚಿ ನೋಡಿದರೆ ಎರಡನೆಯ ಕಾರಣ ಎಂದೂ ಸಿಗುವುದಿಲ್ಲ. 2011ರಲ್ಲಿ ಜಾರ್ಜ್ ಮೆಂಟಿಸ್ ಮತ್ತು ಸಂಗಡಿಗರು ಎಸ್‌ಎಂಎ ಇಲಿಗಳಲ್ಲಿ ಕಂಡದ್ದು ಇದನ್ನೇ. ಚಾಲಕ ನರಕೋಶಗಳು ಸಾಯುವ ಮೊದಲೇ ಅವುಗಳ ಮೇಲಿದ್ದ ಸಂವೇದನಾ ಕೊಂಡಿಗಳು ಕಳಚಿಕೊಳ್ಳುತ್ತಿದ್ದವು. 2017ರಲ್ಲಿ ಅದೇ ಕಡೆಯಿಂದ ಇನ್ನೊಂದು ಹೆಜ್ಜೆ ಮುಂದೆ: ಸುದ್ದಿ ಬರುವುದು ಕಡಿಮೆಯಾದಾಗ ಚಾಲಕ ನರಕೋಶದ ಮೈಮೇಲಿನ ಕೆವಿ2.1 ಎಂಬ ಪೊಟ್ಯಾಸಿಯಂ ಚಾನೆಲ್‌ಗಳು ಕಡಿಮೆಯಾಗಿ, ಅದು ಪದೇ ಪದೇ ಸಂಕೇತ ಹೊಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಅದು ಇಲಿಯ ಮಾತು. ಮನುಷ್ಯರಲ್ಲಿ ಹೇಗೆ? ಸುದ್ದಿ ಒಯ್ಯುವ ಈ ಸಂವೇದನಾ ನರಕೋಶಗಳ ಒಡಲು ಇರುವುದು ಬೆನ್ನುಹುರಿಯ ಎರಡೂ ಬದಿಗೆ ಬೆನ್ನುಮೂಳೆಗಳ ಸಂದಿಯಲ್ಲಿರುವ ಗಂಟುಗಳಲ್ಲಿ. ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್, ಚಿಕ್ಕದಾಗಿ ಡಿಆರ್‌ಜಿ. ಸ್ನಾಯುವಿನಿಂದ ಒಂದು ಚೂರು ಬಯಾಪ್ಸಿ ತೆಗೆಯಬಹುದು, ಚರ್ಮದಿಂದ ತೆಗೆಯಬಹುದು. ಬದುಕಿರುವ ಮಗುವಿನ ಡಿಆರ್‌ಜಿ ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಆದ್ದರಿಂದಲೇ ರೋಗಿಯ ರಕ್ತದಿಂದ ಶುರುಮಾಡಿ ಅವನದೇ ಜೀನುಗಳಿರುವ ಸಂವೇದನಾ ನರಕೋಶವನ್ನು ಡಿಶ್‌ನಲ್ಲಿ ಬೆಳೆಸಬೇಕಾಯಿತು. ಇದಕ್ಕೆ ದಾರಿ ತೆರೆದದ್ದು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಚರ್ಮಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಭ್ರೂಣದ ಆರಂಭದ ಸ್ಥಿತಿಯಂಥದಕ್ಕೆ ಹಿಂದಿರುಗಿಸಿದರು. ಅದೇ ಐಪಿಎಸ್ ಕೋಶ. 2012ರಲ್ಲಿ ಜಾನ್ ಗರ್ಡನ್ ಜೊತೆ ಅವರಿಗೆ ನೊಬೆಲ್ ಬಂತು.

ಐಪಿಎಸ್ ಕೋಶ ಸಾಕುವ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್, ದಿನಾ ಮೀಡಿಯಂ, ಅಂದರೆ ಕೋಶ ಬೆಳೆಯುವ ಪೋಷಕ ದ್ರವ, ಬದಲು. ಡಿಶ್ ಶೇ 70-80 ತುಂಬಿದಾಗ 0.5 ಮಿಲಿಮೋಲಾರ್ ಇಡಿಟಿಎಯಲ್ಲಿ ಮೂರರಿಂದ ಐದು ನಿಮಿಷ ಇಟ್ಟು ಪುಟ್ಟ ಗುಂಪುಗಳಾಗಿಯೇ ಎಬ್ಬಿಸಿ ಬೇರೆ ಡಿಶ್‌ಗೆ ಹಾಕುವುದು, ಇದೇ ಒಂದು ಪ್ಯಾಸೇಜ್. ಎರಡು ತಪಾಸಣೆ ಮಾತ್ರ ಬಿಡಬೇಡಿ. ತಿಂಗಳಿಗೊಮ್ಮೆ ಮೈಕೋಪ್ಲಾಸ್ಮಾ ಪಿಸಿಆರ್, ಮತ್ತು ಹತ್ತು ಪ್ಯಾಸೇಜಿಗೊಮ್ಮೆ ಕ್ರೋಮೋಸೋಮ್ ಪರೀಕ್ಷೆ. 20ನೇ ಕ್ರೋಮೋಸೋಮಿನ ಉದ್ದ ತೋಳಿನ ಒಂದು ತುಣುಕು ದುಪ್ಪಟ್ಟಾಗುವುದು ಈ ಕೋಶಗಳ ಹಳೆಯ ಚಾಳಿ. ಹಾಗಾದ ಕೋಶಗಳು ಸಾಯುವುದು ಕಡಿಮೆ, ನೋಡಲು ಬಹಳ ಚೆನ್ನಾಗಿರುತ್ತವೆ. ಸಾಯುವುದು ಕಡಿಮೆ ಎಂಬುದಕ್ಕೇ ಅವು ಡಿಶ್ ಪೂರ್ತಿ ಆವರಿಸಿಬಿಡುತ್ತವೆ.

ಇನ್ನು ನರಕೋಶ ಮಾಡುವ ಕೆಲಸ. 2012ರಲ್ಲಿ ಚೇಂಬರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವನ್ನೇ ಬಹುತೇಕ ಲ್ಯಾಬುಗಳು ಬುನಾದಿಯಾಗಿ ಹಿಡಿದಿವೆ, ಯಾಕೆಂದರೆ ಅದರಲ್ಲಿ ವೈರಸ್ ಇಲ್ಲ, ಜೀನ್ ತುರುಕುವುದಿಲ್ಲ, ಐದು ಸಣ್ಣ ರಾಸಾಯನಿಕಗಳಷ್ಟೇ. ಕೋಶಗಳನ್ನು ಬಿಡಿಬಿಡಿಯಾಗಿ ಎಬ್ಬಿಸಿ ಒತ್ತಾಗಿ ಬಿತ್ತಿ, ಡಿಶ್ ಸುಮಾರು ಶೇ 60-80 ತುಂಬಿದಾಗ ಶುರುಮಾಡಿ. ಆ ದಿನವೇ ಸೊನ್ನೆಯ ದಿನ. ಸೊನ್ನೆಯಿಂದ ಐದನೇ ದಿನದವರೆಗೆ ಎಲ್‌ಡಿಎನ್193189 ಮತ್ತು ಎಸ್‌ಬಿ431542. ಮೊದಲನೆಯದು ಬಿಎಂಪಿ ಸಂಕೇತವನ್ನು, ಎರಡನೆಯದು ಟಿಜಿಎಫ್-ಬೀಟಾ ಸಂಕೇತವನ್ನು ತಡೆಯುತ್ತದೆ. ಇವೆರಡನ್ನೂ ತಡೆದರೆ ಕೋಶಕ್ಕೆ ನರದ ದಾರಿ ಬಿಟ್ಟು ಹೆಚ್ಚು ದಾರಿ ಉಳಿಯುವುದಿಲ್ಲ. ಎರಡನೇ ದಿನದಿಂದ ಹತ್ತನೇ ದಿನದವರೆಗೆ ಇನ್ನು ಮೂರು ಸೇರುತ್ತವೆ. ಸಿಎಚ್‌ಐಆರ್99021 ವಿಂಟ್ ಸಂಕೇತವನ್ನು ಎಬ್ಬಿಸಿ ಕೋಶವನ್ನು ನ್ಯೂರಲ್ ಕ್ರೆಸ್ಟ್ ಕಡೆ, ಅಂದರೆ ಡಿಆರ್‌ಜಿಯ ಮೂಲದ ಕಡೆ, ತಿರುಗಿಸುತ್ತದೆ. ಡಿಎಪಿಟಿ ನಾಚ್ ಸಂಕೇತವನ್ನು ಅಡಗಿಸಿ ಇನ್ನು ಒಡೆದು ಹೆಚ್ಚುವುದು ಸಾಕು, ನರಕೋಶವಾಗು ಎಂದು ತಳ್ಳುತ್ತದೆ. ಎಸ್‌ಯು5402 ಎಫ್‌ಜಿಎಫ್ ಮುಂತಾದವುಗಳ ಸಂಕೇತ ತಡೆಯುತ್ತದೆ. ನಾಲ್ಕನೇ ದಿನದಿಂದ ಎರಡು ದಿನಕ್ಕೊಮ್ಮೆ ಮೂಲ ಮೀಡಿಯಂನ ಕಾಲುಭಾಗ ತೆಗೆದು ನರಕೋಶಕ್ಕೆ ಒಗ್ಗುವ ಎನ್2 ಮೀಡಿಯಂ ಸೇರಿಸುತ್ತ ಹೋಗಬೇಕು.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಬರೆದುಕೊಳ್ಳಿ. ನಿಮ್ಮ ಸ್ಟಾಕುಗಳು 10 ಮಿಲಿಮೋಲಾರ್, ಎಲ್‌ಡಿಎನ್ ಮಾತ್ರ 1 ಮಿಲಿಮೋಲಾರ್ ಎಂದಿಟ್ಟುಕೊಳ್ಳಿ. ಹತ್ತು ಮಿಲಿಲೀಟರ್ ಮೀಡಿಯಂಗೆ ಎಸ್‌ಬಿ, ಎಸ್‌ಯು, ಡಿಎಪಿಟಿ ಮೂರೂ 10 ಮೈಕ್ರೋಮೋಲಾರ್ ಬೇಕು, ಅಂದರೆ ತಲಾ 10 ಮೈಕ್ರೋಲೀಟರ್. ಸಿಎಚ್‌ಐಆರ್ 3 ಮೈಕ್ರೋಮೋಲಾರ್‌ಗೆ 3 ಮೈಕ್ರೋಲೀಟರ್. ಎಲ್‌ಡಿಎನ್ 100 ನ್ಯಾನೋಮೋಲಾರ್‌ಗೆ 1 ಮೈಕ್ರೋಲೀಟರ್. ಕೂಡಿಸಿದರೆ 34 ಮೈಕ್ರೋಲೀಟರ್. ಇವೆಲ್ಲ ಕರಗಿರುವುದು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ. ಶೇ 0.34 ಆಯಿತು. ಸಾಮಾನ್ಯವಾಗಿ ನಾವು ದಾಟಬಾರದೆಂದು ಇಟ್ಟುಕೊಳ್ಳುವ ಗಡಿ ಶೇ 0.1. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಸಾವಿರಕ್ಕೆ ಒಂದನ್ನು ದಾಟಿಲ್ಲ, ಯಾರದೂ ತಪ್ಪಿಲ್ಲ. ಐದೂ ಸೇರಿದಾಗ ಕೋಶಕ್ಕೆ ಪೆಟ್ಟಾಗಬಹುದು, ನಾವು ಕೋಶದ ಲೈನನ್ನು, ಅಂದರೆ ತಳಿಯನ್ನು, ಬೈಯುತ್ತೇವೆ. ಕರಗುವ ಮಟ್ಟಿಗೆ ಸ್ಟಾಕನ್ನು 50 ಮಿಲಿಮೋಲಾರ್‌ಗೆ ಮಾಡಿ, ಪುಟ್ಟ ಪುಟ್ಟ ಭಾಗ ಮಾಡಿ ಫ್ರೀಜರಿನಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕಂಟ್ರೋಲ್ ಡಿಶ್‌ಗೂ ಅಷ್ಟೇ ಡಿಎಂಎಸ್‌ಒ ಹಾಕಿ.

ಎರಡರಿಂದ ನಾಲ್ಕನೇ ದಿನದ ನಡುವೆ ಸಾಕಷ್ಟು ಕೋಶ ಸತ್ತು ತೇಲುತ್ತವೆ. ಗಾಬರಿಯಾಗಬೇಡಿ. ಬೆಳಿಗ್ಗೆ ನೋಡುವಾಗ ಮೀಡಿಯಂ ಹಳದಿಗೆ ತಿರುಗಿದ್ದರೆ ಆಮ್ಲ ಏರಿದೆ ಎಂದರ್ಥ. ಅಂಥ ದಿನ ಎರಡು ಮಿಲಿಲೀಟರ್ ಹಾಕುವಲ್ಲಿ ನಾಲ್ಕು ಹಾಕಿ. ಏಳು, ಎಂಟನೇ ದಿನಕ್ಕೆ ಗುಂಪುಗಳ ಅಂಚಿನಲ್ಲಿ ಹೊಳೆಯುವ ದುಂಡು ಕೋಶಗಳು, ಅವುಗಳಿಂದ ಹೊರಟ ಕೂದಲೆಳೆಯಂಥ ಚಾಚುಗಳು ಕಾಣಿಸುತ್ತವೆ. ಹತ್ತು ಹನ್ನೆರಡನೇ ದಿನ ಎಬ್ಬಿಸಿ ಕೊನೆಯ ಡಿಶ್‌ಗೆ ಹಾಕಬೇಕು. ಗಂಗಾವತಿ, ಸಿರುಗುಪ್ಪ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿ ಮಡಿಯಲ್ಲಿ ಭತ್ತದ ಸಸಿ ಬಲಿತುಹೋದ ಮೇಲೆ ಕಿತ್ತರೆ ಬೇರು ಹರಿದು ನಾಟಿ ಕಚ್ಚುವುದಿಲ್ಲ. ಇಲ್ಲೂ ಚಾಚು ಉದ್ದವಾಗಿ ಒಂದಕ್ಕೊಂದು ಹೆಣೆದುಕೊಂಡ ಮೇಲೆ ಎಬ್ಬಿಸಿದರೆ ಅರ್ಧಕ್ಕರ್ಧ ಹೋಗುತ್ತವೆ. ಕೋಶ ಬಿಡಿಸುವ ಕಿಣ್ವ ಆಕ್ಯುಟೇಸ್‌ನಲ್ಲಿ 37 ಡಿಗ್ರಿಯಲ್ಲಿ ಐದು ನಿಮಿಷ, ಒಂದು ಮಿಲಿಲೀಟರ್ ಟಿಪ್‌ನಿಂದ ಐದಾರು ಸಲ ಮೆಲ್ಲಗೆ, ನೊರೆ ಬರದಂತೆ. 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಚದರ ಸೆಂಟಿಮೀಟರಿಗೆ 50 ಸಾವಿರದಿಂದ ಒಂದು ಲಕ್ಷ. ಬಿಡಿಯಾದ ಕೋಶ ಸಾಯದಂತೆ ಮೊದಲ ದಿನ ಮಾತ್ರ ವೈ27632 ಎಂಬ, ರಾಕ್ ಕಿಣ್ವವನ್ನು ತಡೆಯುವ ರಾಸಾಯನಿಕ, 10 ಮೈಕ್ರೋಮೋಲಾರ್.

ಕೋಶ ಅಂಟಲು ಕೊನೆಯ ಡಿಶ್‌ನ ತಳಕ್ಕೆ ಮೊದಲು ಪಾಲಿಆರ್ನಿಥೀನ್ ಅಥವಾ ಪಾಲಿಲೈಸೀನ್, ಅದರ ಮೇಲೆ ಲ್ಯಾಮಿನಿನ್. ಮೊದಲ ಲೇಪವನ್ನು ನೀರಿನಿಂದ ಮೂರು ಸಲ ತೊಳೆಯಲೇಬೇಕು. ಅಂಟದೆ ಉಳಿದ ಪಾಲಿಲೈಸೀನ್ ನರಕೋಶಕ್ಕೆ ವಿಷ. ಮೀಡಿಯಂಗೆ ಎನ್‌ಜಿಎಫ್, ಬಿಡಿಎನ್‌ಎಫ್, ಜಿಡಿಎನ್‌ಎಫ್, ಎನ್‌ಟಿ-3 ಎಂಬ ನರಪೋಷಕ ಪ್ರೋಟೀನುಗಳು ತಲಾ ಮಿಲಿಲೀಟರಿಗೆ 10ರಿಂದ 25 ನ್ಯಾನೋಗ್ರಾಂ. ನರಕೋಶದ ಜೊತೆಗೆ ಯಾವಾಗಲೂ ಚಪ್ಪಟೆಯಾದ ಬೇರೆ ಕೋಶಗಳೂ ಬರುತ್ತವೆ, ಹತ್ತಿ ಹೊಲದ ಕಳೆಯಂತೆ. ಅವು ಒಡೆದು ಹೆಚ್ಚುತ್ತವೆ, ನರಕೋಶ ಹೆಚ್ಚುವುದಿಲ್ಲ. ಹೀಗೆ ಬಿಟ್ಟರೆ ನಾಲ್ಕನೇ ವಾರಕ್ಕೆ ಡಿಶ್ ಅವುಗಳದ್ದೇ. ಎರಡನೇ ವಾರದ ಹೊತ್ತಿಗೆ ಮೈಟೊಮೈಸಿನ್ ಸಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂನಂತೆ ಒಂದು ಗಂಟೆ ಕೊಟ್ಟು ತೊಳೆದರೆ ಒಡೆಯುವ ಕೋಶಗಳು ನಿಲ್ಲುತ್ತವೆ. ಡೋಸ್ ಏರಿಸಬೇಡಿ, ನರಕೋಶಕ್ಕೂ ಪೆಟ್ಟಾಗುತ್ತದೆ.

ಇಲ್ಲಿಗೆ ಸಂವೇದನಾ ನರಕೋಶ ಸಿಕ್ಕಿತು ಎಂದು ಸಮಾಧಾನಪಟ್ಟರೆ ಮೋಸ ಹೋದಂತೆ. ಬಹಳಷ್ಟು ಕಡೆ ಕೆಲಸ ದಾರಿ ತಪ್ಪುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಸಂವೇದನಾ ನರಕೋಶ ಒಂದೇ ಜಾತಿಯಲ್ಲ. ನೋವು, ಉರಿ, ಬಿಸಿ ತಿಳಿಸುವ ಸಣ್ಣ ಕೋಶಗಳಿಗೆ ಟಿಆರ್‌ಕೆ-ಎ ಗ್ರಾಹಕ, ಅವು ಬದುಕುವುದು ಎನ್‌ಜಿಎಫ್ ಮೇಲೆ. ಸ್ಪರ್ಶ ತಿಳಿಸುವ ಹಲವು ಕೋಶಗಳಿಗೆ ಟಿಆರ್‌ಕೆ-ಬಿ, ಆಹಾರ ಬಿಡಿಎನ್‌ಎಫ್. ಸ್ನಾಯು ಕದಿರಿಗೆ ಸುತ್ತಿಕೊಂಡು ಎಳೆತದ ಸುದ್ದಿ ಒಯ್ಯುವ ದೊಡ್ಡ ಕೋಶಗಳಿಗೆ ಟಿಆರ್‌ಕೆ-ಸಿ, ಆಹಾರ ಎನ್‌ಟಿ-3. ಇವನ್ನು ಪ್ರೊಪ್ರಿಯೋಸೆಪ್ಟರ್ ಎನ್ನುತ್ತೇವೆ. ಕನ್ನಡದಲ್ಲಿ ‘ಮೈನೆಲೆ ನರಕೋಶ’ ಎಂದರೆ ಆದೀತು, ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿದೆ ಎಂದು ಹೇಳುವುದು ಇವೇ. ನಾನು ಈಗಷ್ಟೇ ವಿವರಿಸಿದ ಐದು ರಾಸಾಯನಿಕಗಳ ವಿಧಾನ ಕೊಡುವುದು ಬಹುಪಾಲು ನೋವಿನ ಕೋಶಗಳನ್ನು. ನೋವಿನ ಅಧ್ಯಯನಕ್ಕೆ ಅದು ಚಿನ್ನದಂಥ ವಿಧಾನ. ಎಸ್‌ಎಂಎಗೂ ಫ್ರೀಡ್ರೈಶ್‌ಗೂ ಬೇಕಾದದ್ದು ಬೇರೆ. ಗೇಜ್ ನೋಡುವವನನ್ನು ಕರೆಯಲು ಹೋಗಿ ಬೆಂಕಿ ಬಿದ್ದರೆ ಕೂಗುವವನನ್ನು ಕರೆತಂದಂತಾಗುತ್ತದೆ.

ಯಾವುದು ಬಂದಿದೆ ಎಂದು ತಿಳಿಯಲು ಸುಲಭದ ಒಂದು ಪರೀಕ್ಷೆ ನಮ್ಮ ಹೊಲದಲ್ಲೇ ಬೆಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಆ ಖಾರ ಕ್ಯಾಪ್ಸೈಸಿನ್ ಎಂಬ ರಾಸಾಯನಿಕದ್ದು. ಅದು ಹೋಗಿ ಕೂರುವ ಬಾಗಿಲು ಟಿಆರ್‌ಪಿವಿ1 ಚಾನೆಲ್. ಕಾದ ವಸ್ತು ಮುಟ್ಟಿದಾಗ ತೆರೆಯುವ ಬಾಗಿಲೂ ಅದೇ, ಅದಕ್ಕೇ ಖಾರ ತಿಂದರೆ ‘ಉರಿ’ ಎನ್ನುತ್ತೇವೆ, ನಮ್ಮ ಭಾಷೆ ಅದನ್ನು ಮೊದಲೇ ಕಂಡುಕೊಂಡಿದೆ. ಈ ಚಾನೆಲ್ ಕಂಡುಹಿಡಿದ ಡೇವಿಡ್ ಜೂಲಿಯಸ್, ಒತ್ತಡ ಎಳೆತಗಳ ಪಿಯೆಜೊ ಚಾನೆಲ್ ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಇಬ್ಬರೂ 2021ರ ನೊಬೆಲ್ ಹಂಚಿಕೊಂಡರು. ಡಿಶ್‌ಗೆ ಫ್ಲೂಓ-4 ಎಂಬ ಕ್ಯಾಲ್ಸಿಯಂ ಬಣ್ಣ ತುಂಬಿ, ಒಂದು ಮೈಕ್ರೋಮೋಲಾರ್ ಶುದ್ಧ ಕ್ಯಾಪ್ಸೈಸಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಲವು ಕೋಶಗಳು ದೀಪ ಹಚ್ಚಿದಂತೆ ಬೆಳಗುತ್ತವೆ, ಪಕ್ಕದವು ಕಪ್ಪಾಗಿಯೇ ಉಳಿಯುತ್ತವೆ. ಬೆಳಗಿದ್ದು ನೋವಿನ ಕೋಶ. ಕೊನೆಗೆ 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಬದುಕಿರುವ ಎಲ್ಲ ನರಕೋಶಗಳೂ ಬೆಳಗಬೇಕು. ಕ್ಯಾಪ್ಸೈಸಿನ್‌ಗೆ ಸುಮ್ಮನಿದ್ದು ಪೊಟ್ಯಾಸಿಯಂಗೆ ಬೆಳಗಿದ ಕೋಶಗಳಲ್ಲೇ ನಿಮಗೆ ಬೇಕಾದವು ಇವೆಯೇ ಎಂದು ಹುಡುಕಬೇಕು. ಪೊಟ್ಯಾಸಿಯಂ ಹೆಜ್ಜೆ ಬಿಟ್ಟರೆ ಸತ್ತ ಕೋಶವನ್ನೂ ಮೈನೆಲೆ ಕೋಶ ಎಂದು ಎಣಿಸಿಬಿಡುತ್ತೀರಿ.

ಮೈನೆಲೆ ಕೋಶ ಪಡೆಯಲು ಭ್ರೂಣ ಮಾಡುವುದನ್ನೇ ಅನುಸರಿಸಬೇಕು. ಭ್ರೂಣದಲ್ಲಿ ನ್ಯೂರಲ್ ಕ್ರೆಸ್ಟ್‌ನಿಂದ ಮೊದಲ ಅಲೆಯಲ್ಲಿ ಎನ್‌ಜಿಎನ್2 ಜೀನ್ ಎದ್ದು ದೊಡ್ಡ ಕೋಶಗಳು ಹುಟ್ಟುತ್ತವೆ, ಆಮೇಲೆ ಎನ್‌ಜಿಎನ್1ರ ಅಲೆಯಲ್ಲಿ ಸಣ್ಣ ನೋವಿನ ಕೋಶಗಳು. ಆದ್ದರಿಂದ ಮೊದಲು ನ್ಯೂರಲ್ ಕ್ರೆಸ್ಟ್ ಹಂತದಲ್ಲಿ ಕೋಶಗಳನ್ನು ನಿಲ್ಲಿಸಿ, ಆಮೇಲೆ ಎನ್‌ಜಿಎನ್2 ಜೊತೆಗೆ ಬಿಆರ್‌ಎನ್3ಎ ಜೀನನ್ನು ಡಾಕ್ಸಿಸೈಕ್ಲಿನ್ ಔಷಧ ಹಾಕಿದರೆ ತೆರೆಯುವ ಸ್ವಿಚ್‌ನಿಂದ ಎಬ್ಬಿಸುವವರಿದ್ದಾರೆ. 2020ರಲ್ಲಿ ಈ ಜೋಡಿಯಿಂದ ಸ್ಪರ್ಶದ ಬಗೆಯ ಕೋಶಗಳು ಬಂದದ್ದು ವರದಿಯಾಯಿತು. ಅದೇ ವರ್ಷ ಐಪಿಎಸ್‌ನಿಂದ ಮೈನೆಲೆ ಕೋಶಗಳ ಮಾದರಿಯೂ ಪ್ರಕಟವಾಯಿತು, ಫ್ರೀಡ್ರೈಶ್‌ನಂಥ ರೋಗಗಳನ್ನೇ ಮನಸ್ಸಿನಲ್ಲಿಟ್ಟು. ಏನೇ ಮಾಡಿ, ಎನ್‌ಜಿಎಫ್ ಕಡಿಮೆ ಮಾಡಿ ಎನ್‌ಟಿ-3 ಹೆಚ್ಚಿಸುವುದು ಒಂದು ಜರಡಿಯಂತೆ ಕೆಲಸ ಮಾಡುತ್ತದೆ. ಗುರುತಿಗೆ ಟಿಆರ್‌ಕೆ-ಸಿ ಒಂದನ್ನೇ ನಂಬಬೇಡಿ, ಎಳೆಯ ಕೋಶಗಳು ಎರಡು ಮೂರು ಗ್ರಾಹಕಗಳನ್ನು ಒಟ್ಟಿಗೇ ತೋರಿಸುತ್ತವೆ. ಆರ್‌ಯುಎನ್‌ಎಕ್ಸ್3, ಪಾರ್ವಾಲ್ಬುಮಿನ್, ಇಟಿವಿ1 ಇವು ಟಿಆರ್‌ಕೆ-ಸಿ ಜೊತೆ ಒಂದೇ ಕೋಶದಲ್ಲಿ ಕಂಡರೆ ಮಾತ್ರ ಹೆಸರಿಡಿ. ಪಿಯೆಜೊ2 ಇರಲೇಬೇಕು, ಆದರೆ ಅದು ಸ್ಪರ್ಶದ ಕೋಶದಲ್ಲೂ ಇರುತ್ತದೆ. ಹುಟ್ಟಿನಿಂದಲೇ ಪಿಯೆಜೊ2 ಇಲ್ಲದವರ ವಿವರ 2016ರಲ್ಲಿ ಪ್ರಕಟವಾಯಿತು. ಕಣ್ಣು ಕಟ್ಟಿದರೆ ಅವರಿಗೆ ನಡೆಯುವುದೇ ಕಷ್ಟ, ಬೆನ್ನುಮೂಳೆ ಡೊಂಕಾಗಿತ್ತು.

ಇನ್ನು ನಮ್ಮ ಭಾಗದ ಬಿಸಿಲು. ಇದನ್ನು ಯಾವ ಪ್ರೋಟೋಕಾಲೂ ಬರೆಯುವುದಿಲ್ಲ. ಸಾಮಾನ್ಯ ಸಿಒ2 ಇನ್‌ಕ್ಯುಬೇಟರ್‌ಗೆ ಕಾಯಿಸಲು ಬರುತ್ತದೆ, ತಣಿಸಲು ಬರುವುದಿಲ್ಲ. ಹೊರಗಿನ ಕೋಣೆ ಕನಿಷ್ಠ ಐದು ಡಿಗ್ರಿ ತಂಪಾಗಿದ್ದರೆ ಮಾತ್ರ ಅದು 37ರಲ್ಲಿ ನಿಲ್ಲುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 42 ದಾಟಿರುವಾಗ ಕರೆಂಟು ಹೋಯಿತೆನ್ನಿ. ಯುಪಿಎಸ್ ಇನ್‌ಕ್ಯುಬೇಟರನ್ನು ನಡೆಸುತ್ತಿರುತ್ತದೆ, ಏಸಿ ನಿಂತಿರುತ್ತದೆ. ಕೋಣೆ 36ಕ್ಕೆ ಏರುತ್ತದೆ, ಇನ್‌ಕ್ಯುಬೇಟರ್ ತನ್ನ ಮೋಟರಿನ ಬಿಸಿಯಿಂದಲೇ 39 ಮುಟ್ಟುತ್ತದೆ. ಕೋಶಗಳು ಸಾಯುವುದು ಕರೆಂಟು ಇದ್ದೂ. ಆದ್ದರಿಂದ ಜನರೇಟರಿಗೆ ಮೊದಲು ಏಸಿ ಸೇರಿಸಿ. ಐಪಿಎಸ್ ಕೋಶ ಅಂಟಿ ಕೂರಲು ಡಿಶ್‌ಗೆ ಬಳಿಯುವ ಮ್ಯಾಟ್ರಿಜೆಲ್ ಇನ್ನೊಂದು ಫಜೀತಿ. ಹತ್ತು ಡಿಗ್ರಿ ದಾಟಿದರೆ ಅದು ಟಿಪ್‌ನೊಳಗೇ ಹೆಪ್ಪಾಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಐಸ್ ಮೇಲೆ ಕರಗಿಸಿ, ಟಿಪ್, ಟ್ಯೂಬು, ಬೆರೆಸುವ ಮೀಡಿಯಂ ಎಲ್ಲವನ್ನೂ ಮೊದಲೇ ತಣ್ಣಗಿಟ್ಟುಕೊಳ್ಳಿ. ಒಣ ಹವೆಯಲ್ಲಿ ಪ್ಲೇಟಿನ ಅಂಚಿನ ಗುಳಿಗಳಿಂದ ನೀರು ಬೇಗ ಆರಿ ಉಪ್ಪಿನಂಶ ಏರುತ್ತದೆ. ಎರಡು ತಿಂಗಳು ಸಾಕಬೇಕಾದ ಕೋಶಕ್ಕೆ ಇದು ದೊಡ್ಡ ಹೊಡೆತ. ಅಂಚಿನ ಗುಳಿಗಳಲ್ಲಿ ಕೋಶ ಹಾಕದೆ ಬರೀ ಬಫರ್ ತುಂಬಿ. ಇನ್‌ಕ್ಯುಬೇಟರಿನ ತಟ್ಟೆಗೆ ಬೋರ್‌ವೆಲ್ ನೀರು ಬೇಡ, ಸ್ಟೆರೈಲ್ ಡಿಸ್ಟಿಲ್ಡ್ ನೀರೇ ಇರಲಿ.

ನಾಲ್ಕರಿಂದ ಆರನೇ ವಾರದಲ್ಲಿ ನರಕೋಶಗಳು ಗುಂಪುಗೂಡಿ, ಚಾಚುಗಳು ಹಗ್ಗದಂತೆ ದಪ್ಪಗಾಗಿ, ಒಂದು ದಿನ ಇಡೀ ಹಾಸು ಹಪ್ಪಳದಂತೆ ತಳ ಬಿಟ್ಟು ಏಳುತ್ತದೆ. ಎರಡು ತಿಂಗಳ ದುಡಿಮೆ ಅದರೊಂದಿಗೆ ಹೋಗುತ್ತದೆ. ಮೀಡಿಯಂ ಎಂದೂ ಪೂರ್ತಿ ತೆಗೆಯಬೇಡಿ, ಅರ್ಧ ತೆಗೆದು ಅರ್ಧ ಹಾಕಿ. ಗೋಡೆಗೆ ಟಿಪ್ ಒರಗಿಸಿ ಹನಿಹನಿಯಾಗಿ ಬಿಡಿ. ವಾರಕ್ಕೊಮ್ಮೆ ಒಂದಿಷ್ಟು ಲ್ಯಾಮಿನಿನ್ ಸೇರಿಸಿ.

ಬಲಿತ ಕೋಶಗಳನ್ನು ಸ್ನಾಯುವಿಗೆ ಜೋಡಿಸುವುದು ಮುಂದಿನ ಹಂತ. ಸ್ನಾಯುವಿನ ಮೂಲಕೋಶಗಳನ್ನು ಕಡಿಮೆ ಸೀರಂನಲ್ಲಿ ನಾಲ್ಕರಿಂದ ಆರು ದಿನ ಇಟ್ಟರೆ ಅವು ಬೆಸೆದುಕೊಂಡು ಎಳೆಗಳಾಗುತ್ತವೆ. ಆದರೆ ಅವು ಸಾಮಾನ್ಯ ಎಳೆಗಳು. ಕದಿರಿನ ಒಳಗಿನ ಎಳೆ ಬೇಕೆಂದರೆ ನ್ಯೂರೆಗುಲಿನ್-1 ಕೊಡಬೇಕು. ದೇಹದಲ್ಲಿ ಸಂವೇದನಾ ನರವೇ ಅದನ್ನು ಸುರಿಸಿ, ಸ್ನಾಯುವಿನಲ್ಲಿ ಇಜಿಆರ್3 ಜೀನ್ ಎಬ್ಬಿಸಿ, ಕದಿರು ಕಟ್ಟಿಸಿಕೊಳ್ಳುತ್ತದೆ. 2017ರಲ್ಲಿ ಮಾನವ ಕಾಂಡಕೋಶದ ಸಂವೇದನಾ ನರಗಳು ಹೀಗೆ ಮಾಡಿದ ಎಳೆಗಳಿಗೆ ಡಿಶ್‌ನಲ್ಲೇ ಸುರುಳಿ ಸುತ್ತಿಕೊಂಡದ್ದನ್ನು ತೋರಿಸಲಾಯಿತು. ಅದರ ಚಿತ್ರ ನೋಡಿದವರಿಗೆ ಕದಿರು ಎಂಬ ಹೆಸರು ಎಷ್ಟು ಸರಿ ಎಂಬುದು ತಿಳಿಯುತ್ತದೆ. ಸ್ನಾಯು ಒಂದು ಕೋಣೆಯಲ್ಲಿ, ನರಕೋಶದ ಒಡಲು ಇನ್ನೊಂದು ಕೋಣೆಯಲ್ಲಿ, ನಡುವೆ ಚಾಚು ಮಾತ್ರ ತೂರುವಷ್ಟು ಸಣ್ಣ ಗೆರೆಗಳು. ಅಂಥ ಸಿಲಿಕೋನ್ ಚೇಂಬರ್‌ಗಳಲ್ಲಿ ಎರಡು ಕಡೆಗೆ ಎರಡು ಮೀಡಿಯಂ ಕೊಡಬಹುದು. ಒಡಲಿನ ಕಡೆ ದ್ರವದ ಮಟ್ಟ ತುಸು ಎತ್ತರಕ್ಕಿಟ್ಟರೆ ಅಲ್ಲಿನ ರಾಸಾಯನಿಕ ಗೆರೆಗಳ ಮೂಲಕ ಆಚೆ ಸೋರುತ್ತದೆ. ಒಂದೇ ಕಡೆ ಔಷಧ ಕೊಡುವಾಗ ಯಾವ ಕಡೆ ಎತ್ತರ ಎಂಬುದನ್ನು ನೋಡಿ ಕೊಡಿ.

ಇಷ್ಟೆಲ್ಲ ಮಾಡಿ ಎಸ್‌ಎಂಎಯ ಪ್ರಶ್ನೆಗೆ ಏನು ಉತ್ತರ ಬಂತು? 2014ರಲ್ಲಿ ಷ್ವಾಬ್ ಮತ್ತು ಎಬರ್ಟ್ ಎಸ್‌ಎಂಎ ರೋಗಿಗಳ ಐಪಿಎಸ್‌ನಿಂದ ಸಂವೇದನಾ ನರಕೋಶ ಬೆಳೆಸಿದರು. ಹುಟ್ಟುವುದರಲ್ಲಿ, ಬದುಕುವುದರಲ್ಲಿ ವ್ಯತ್ಯಾಸವಿರಲಿಲ್ಲ. ಪ್ರಚೋದನೆಗೆ ಕ್ಯಾಲ್ಸಿಯಂ ಪ್ರತಿಕ್ರಿಯೆ ಮಾತ್ರ ಮಂದವಾಗಿತ್ತು. ಅವುಗಳ ಜೊತೆ ಆರೋಗ್ಯವಂತರ ಚಾಲಕ ನರಕೋಶಗಳನ್ನು ಬೆಳೆಸಿದಾಗ ಅವು ಸಾಯಲಿಲ್ಲ. ಇಲಿಯ ಫಲಿತಾಂಶಕ್ಕೆ ಇದು ವಿರುದ್ಧ ಎಂದು ಅವಸರಪಡಬೇಡಿ. ಇಲಿಯಲ್ಲಿ ಕಂಡದ್ದು ಮೈನೆಲೆ ಕೋಶಗಳ ದೋಷ, ಮತ್ತು ಮೊದಲು ಕಂಡದ್ದು ಸಾವಲ್ಲ, ಕೊಂಡಿ ಸಡಿಲವಾದದ್ದು. ಮಂದವಾದ ಆ ಕ್ಯಾಲ್ಸಿಯಂ ಪ್ರತಿಕ್ರಿಯೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದೇ ಪ್ರಯೋಗವನ್ನು ಶುದ್ಧ ಮೈನೆಲೆ ಕೋಶಗಳಲ್ಲಿ, ಸ್ನಾಯು ಕದಿರಿನ ಸಮೇತ, ಸಾವಿನ ಲೆಕ್ಕದ ಬದಲು ಸಂಕೇತದ ಲೆಕ್ಕ ಹಿಡಿದು ಮಾಡಬೇಕು. ಚಿಕಿತ್ಸೆಯ ಮಟ್ಟಿಗೂ ಇದು ದೂರದ ಮಾತಲ್ಲ. 2016ರ ಕೊನೆಯಲ್ಲಿ ಎಸ್‌ಎಂಎಯ ಔಷಧ ನ್ಯೂಸಿನರ್ಸೆನ್, 2019ರಲ್ಲಿ ಜೀನ್ ಚಿಕಿತ್ಸೆ, 2020ರಲ್ಲಿ ರಿಸ್ಡಿಪ್ಲಾಮ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಅದೇ ಜೀನ್ ಚಿಕಿತ್ಸೆಯನ್ನು ಬೆನ್ನುಹುರಿಯ ದ್ರವಕ್ಕೆ ಕೊಡುವ ಪ್ರಯೋಗಕ್ಕೆ 2019ರ ಅಕ್ಟೋಬರ್‌ನಲ್ಲಿ ಭಾಗಶಃ ತಡೆ ಬಿತ್ತು, ಪ್ರಾಣಿಗಳ ಡಿಆರ್‌ಜಿಯಲ್ಲಿ ಉರಿಯೂತ ಕಂಡದ್ದೇ ಕಾರಣ. ತಡೆ ತೆರವಾದದ್ದು 2021ರಲ್ಲಿ. ಮನುಷ್ಯರ ಡಿಆರ್‌ಜಿ ಕೋಶ ಡಿಶ್‌ನಲ್ಲಿ ಯಾಕೆ ಬೇಕು ಎಂಬುದಕ್ಕೆ ಇದೂ ಒಂದು ಉತ್ತರ.

ಫಲಿತಾಂಶ ಓದುವಾಗ ಎರಡು ಎಚ್ಚರ. ಒಬ್ಬ ರೋಗಿಯಿಂದ ಮಾಡಿದ ಹತ್ತು ಕ್ಲೋನ್ ಹತ್ತು ರೋಗಿಗಳಲ್ಲ, ಒಬ್ಬನೇ ರೋಗಿ. ಕನಿಷ್ಠ ಮೂವರು, ಪ್ರತಿಯೊಬ್ಬರಿಂದ ಮೂರು ಬೇರೆ ಬ್ಯಾಚ್, ಸಾಧ್ಯವಾದರೆ ಅದೇ ರೋಗಿಯ ಜೀನನ್ನು ಕ್ರಿಸ್ಪರ್‌ನಿಂದ ತಿದ್ದಿದ ಜೋಡಿ ಲೈನ್. ಎರಡನೆಯದು, ಐಪಿಎಸ್ ಮಾಡುವಾಗ ಕೋಶದ ವಯಸ್ಸು ಅಳಿಸಿಹೋಗುತ್ತದೆ. ಎರಡು ತಿಂಗಳ ಡಿಶ್‌ನ ನರಕೋಶ ಹೋಲುವುದು ಭ್ರೂಣದ್ದನ್ನು, ಫ್ರೀಡ್ರೈಶ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹತ್ತು ಹದಿನೈದರ ವಯಸ್ಸಿನಲ್ಲಿ. ಅದರ ಜಿಎಎ ಪುನರಾವರ್ತನೆ ಐಪಿಎಸ್ ಹಂತದಲ್ಲಿ ಉದ್ದವಾಗುತ್ತಲೂ ಹೋಗುತ್ತದೆ. ಹಾಗಾಗಿ ಪ್ರಯೋಗದ ಮೊದಲೂ ಕೊನೆಗೂ ಅಳೆಯಿರಿ.

ಕೊನೆಯದಾಗಿ ಈ ಊರಿನ ವೈದ್ಯರು ಮಾಡಬಹುದಾದ ಕೆಲಸ. ಎರಡೂ ರೋಗಗಳು ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ ಬರುವಂಥವು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಪದ್ಧತಿ ಇರುವ ನಮ್ಮ ಕಡೆ ಫ್ರೀಡ್ರೈಶ್‌ನಂಥ ಅಪರೂಪದ್ದು ಕುಟುಂಬದೊಳಗೆ ಕೂಡಿಬರುವ ಸಂಭವ ಹೆಚ್ಚು. ಎಸ್‌ಎಂಎ ವಾಹಕರು 40ರಿಂದ 60 ಜನರಿಗೆ ಒಬ್ಬರಂತೆ ಇರುವುದರಿಂದ ಸಂಬಂಧವೇ ಇಲ್ಲದವರ ಮಕ್ಕಳಲ್ಲೂ ಬರುತ್ತದೆ, ತಾಯಿಯ ಮೇಲೆ ದೂರು ಹೊರಿಸುವುದನ್ನು ಕೇಳಿದರೆ ದಯವಿಟ್ಟು ತಿದ್ದಿ. ಕುಟುಂಬದವರಿಗೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿ: ಡಿಶ್‌ನಲ್ಲಿ ಬೆಳೆಸುವುದು ಅಧ್ಯಯನಕ್ಕೆ, ಚುಚ್ಚುಮದ್ದಿಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತಮೂಲದ ಕಾಂಡಕೋಶ ಕಸಿ ಬಿಟ್ಟು ಬೇರೆ ಯಾವುದನ್ನೂ ಪ್ರಯೋಗದ ಹೊರಗೆ ಚಿಕಿತ್ಸೆ ಎಂದು ಮಾರುವಂತಿಲ್ಲ. ಹೊಲ ಮಾರಿ ಅಂಥ ಇಂಜೆಕ್ಷನ್ ಹಾಕಿಸಲು ಹೊರಟವರನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.

ಸಂಶೋಧನೆಗೆ ರಕ್ತ ಕೊಡಲು ಅವರು ಮನಸ್ಸು ಮಾಡಿದರೆ, ಸಂಸ್ಥೆಯ ನೈತಿಕ ಸಮಿತಿ ಮತ್ತು ಕಾಂಡಕೋಶ ಸಮಿತಿಯ ಒಪ್ಪಿಗೆ ಇರುವ ಕಡೆಗೇ ಕಳಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ತೆಲುಗು ಮನೆಮಾತಿನವರಿಗೆ ತೆಲುಗಿನಲ್ಲಿ. ಅದರಲ್ಲಿ ‘ನಿಮ್ಮ ಕೋಶಗಳು ವರ್ಷಗಟ್ಟಲೆ ಬದುಕಿರುತ್ತವೆ, ಬೇರೆ ಲ್ಯಾಬಿಗೂ ಹೋಗಬಹುದು’ ಎಂಬ ಸಾಲು ಇರಲೇಬೇಕು. ದೊಡ್ಡವರಿಂದ 8ರಿಂದ 10 ಮಿಲಿಲೀಟರ್ ಸಾಕು. ಐಸ್ ಮೇಲೆ ಇಡಬೇಡಿ, ಫ್ರಿಜ್ಜಿನಲ್ಲೂ ಬೇಡ. ಬಸ್ಸಿನ ಡಿಕ್ಕಿಯಂತೂ ಬೇಡವೇ ಬೇಡ. 18ರಿಂದ 25 ಡಿಗ್ರಿ ಹಿಡಿಯುವ ಜೆಲ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ, ರಾತ್ರಿಯ ರೈಲಿಗೆ ಜೊತೆಗೆ ಒಬ್ಬರನ್ನು ಕಳಿಸಿದರೆ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. 24 ಗಂಟೆಯೊಳಗೆ ಬಿಳಿ ರಕ್ತಕಣ ಬೇರೆ ಮಾಡಿಕೊಳ್ಳಬೇಕು. ಜೊತೆಗಿನ ಚೀಟಿಯಲ್ಲಿ ರಕ್ತ ತೆಗೆದ ಗಂಟೆ, ಎಸ್‌ಎಂಎ ಆದರೆ ಎಸ್‌ಎಂಎನ್1ನ್ನು ಹೋಲುವ ಎಸ್‌ಎಂಎನ್2 ಜೀನಿನ ಪ್ರತಿಗಳ ಸಂಖ್ಯೆ, ಫ್ರೀಡ್ರೈಶ್ ಆದರೆ ಜಿಎಎ ಉದ್ದ, 128 ಹರ್ಟ್ಸ್ ಶ್ರುತಿಕವಲನ್ನು ಕಾಲ್ಬೆರಳಿಗೆ ಇಟ್ಟಾಗ ಕಂಪನ ತಿಳಿಯಿತೋ ಇಲ್ಲವೋ, ಮತ್ತು ಎರಡೂ ಮಂಡಿ ತಟ್ಟಿದಾಗ ಏನಾಯಿತು ಎಂದು ಬರೆಯಿರಿ. ‘ನರದೌರ್ಬಲ್ಯ’ ಎಂದಷ್ಟೇ ಬರೆದ ಚೀಟಿಯಿಂದ ಡಿಶ್‌ನ ಮುಂದೆ ಕೂತವರಿಗೆ ಏನೂ ತಿಳಿಯುವುದಿಲ್ಲ.